ನಸೀಮಾ ಎಂದರೆ ತಿರುಗದ ಹುಡುಗಿ

ಕುಂದಾಪುರದ ಸೀರೆ ಅಂಗಡಿಯೊಂದರಲ್ಲಿ ಕೆಲವು ತಿಂಗಳ ಹಿಂದೆ ಮಟಮಟ ಮಧ್ಯಾಹ್ನ ನನ್ನ ಮೈ ತಣ್ಣಗಾಯಿತು. (ಎಸಿಯಿಂದಲ್ಲ.)

ಬೈಂದೂರಿನ ನಾದಿನಿಯ ಮನೆಯೊಕ್ಕಲಿತ್ತು. ಉಡುಗೊರೆ ಸೀರೆ ತೆಗೆಯಲು ಅವಳ ಜೊತೆ ಹೋಗಿದ್ದೆ. ಕೌಂಟರಿನಾಚೆ ನಿಂತಿದ್ದವಳನ್ನು ಕಂಡದ್ದೇ ಖುಷಿಯಾಯಿತು. ನಮ್ಮ ನಸೀಮಾ! ಎಷ್ಟೋ ವರ್ಷ ಪಕ್ಕದ ಬಾಡಿಗೆ ಮನೆಯಲ್ಲಿದ್ದವಳು. ನನ್ನ ಅಡುಗೆಮನೆಯಲ್ಲಿ ಕೂತು ಹೋಮ್‌ವರ್ಕ್ ಮಾಡಿದವಳು. ಆಮೇಲೆ ಅವಳ ಮನೆಯವರು ಸಮುದ್ರದ ಬದಿಯ ಕೋಡಿಯಲ್ಲಿ ಮನೆ ಮಾಡಿಕೊಂಡು ಹೋಗಿದ್ದರು.

"ನಸೀಮಾ!" ಎಂದೆ.

ಅವಳು ತಿರುಗಲಿಲ್ಲ. ಇನ್ನಷ್ಟು ಜೋರಾಗಿ ಕರೆದೆ. ಸೀರೆ ಮಡಚುತ್ತಿದ್ದ ಕೈ ನಿಲ್ಲಲೂ ಇಲ್ಲ. ಅಷ್ಟರಲ್ಲಿ ಕ್ಯಾಶ್ ಕೌಂಟರಿನಿಂದ ಯಾರೋ "ನಯನಾ" ಎಂದರು. ಥಟ್ಟನೆ ತಿರುಗಿದಳು.

ಎದೆಯ ಮೇಲಿನ ಬ್ಯಾಡ್ಜಿನಲ್ಲೂ ಅದೇ ಇತ್ತು: ನಯನಾ. ಹಣೆಯಲ್ಲಿ ಬಿಂದಿ.

"ಎಂತ ತೋರ್ಸುದ್ ಮೇಡಂ?" ಎಂದು ನನ್ನನ್ನೇ ಕೇಳಿದಳು. ಅದೇ ಧ್ವನಿ. ಗಲ್ಲದ ಮೇಲೆ ಅದೇ ಗಾಯದ ಗುರುತು. (ನಮ್ಮ ಮೆಟ್ಟಿಲಿಂದ ಬಿದ್ದದ್ದು. ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದು ನಾನೇ.) ಆದರೆ ಕಣ್ಣು ನನ್ನ ಮುಖವನ್ನು ದಾಟಿ ಹಿಂದಿನ ಗೋಡೆ ನೋಡುತ್ತಿತ್ತು.

"ನನ್ ಗುರ್ತ ಸಿಕ್ಲಿಲ್ಯಾ?"

"ಇಲ್ಲ ಮೇಡಂ." ನಕ್ಕಳು. ಗಿರಾಕಿಗಳಿಗೆಂದೇ ಇಟ್ಟುಕೊಂಡ ನಗು.

ನಾದಿನಿ ಮೆಲ್ಲಗೆ ತಿವಿದಳು. "ಅತ್ಗೆ, ಎಂತ ಆಯ್ತ್ ನಿಮ್ಗೆ? ಬೇರೆ ಯಾರೋ ಆಯ್ಕ್."

ಇರಬಹುದೇ? ಒಬ್ಬರಂತೆ ಇನ್ನೊಬ್ಬರು ಇರಬಹುದು. ಗಾಯದ ಗುರುತೂ ಒಂದೇ ಕಡೆ ಇರುತ್ತದೆಯೇ? ಸೀರೆಯ ಚೀಲ ಕೊಡುವಾಗ ಅವಳ ಬೆರಳು ನನ್ನ ಕೈಗೆ ತಾಗಿತು. ಒಂದು ಗಳಿಗೆ ಅಲ್ಲೇ ನಿಂತಿತು.

ಭಾನುವಾರ ಬೆಳಿಗ್ಗೆ ನಸೀಮಾ ನಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಶಾಲು. ಹಣೆ ಖಾಲಿ.

"ಅಕ್ಕಾ, ಅಂದ್ ನಂಗೆ ಮಾತಾಡುಕ್ ಆಯ್ಲಿಲ್ಲ. ಮೇಲೆ ಕ್ಯಾಮೆರಾ ಇತ್ತ್. ಅದ್ರಗೆ ಮಾತೂ ರೆಕಾರ್ಡ್ ಆತ್ತ್."

ಒಳಗೆ ಕೂರಿಸಿದೆ. ಚಹಾ ಆರುತ್ತಾ ಹೋಯಿತು, ಅವಳು ಹೇಳುತ್ತಾ ಹೋದಳು. ಸೇರಿದಾಗ ಅವಳು ನಸೀಮಾಳೇ ಆಗಿದ್ದಳು. ಒಂದು ದಿನ ಯಾರೋ ಗಿರಾಕಿ ಹೆಸರು ಕೇಳಿದರು, ಆರಿಸಿದ್ದ ಸೀರೆಯನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಮರುದಿನ ಮಾಲೀಕರು ಡ್ರಾಯರಿನಿಂದ ಬ್ಯಾಡ್ಜ್ ತೆಗೆದು ಕೊಟ್ಟರು. ಜೊತೆಗೆ ಒಂದು ಬಿಂದಿ ಪ್ಯಾಕೆಟ್.

"ಅಂಗ್ಡಿ ಒಳ್ಗ್ ಮಾತ್ರ ನಯನಾ, ಹೊರ್ಗ್ ನೀ ಯಾರಾರೂ ಆಯ್ಕೋ ಅಂದ್ರ್" ಎಂದಳು. ಸ್ವಲ್ಪ ತಡೆದು, "ಆ ಬ್ಯಾಡ್ಜ್ ಹೊಸ್ತಲ್ಲ ಅಕ್ಕಾ. ಪಿನ್ ತುಕ್ಕ್ ಹಿಡ್ದಿತ್. ಹಿಂದ್ ಯಾರೋ ಹಾಯ್ಕಂಡದ್ದ್. ಯಾರ್ ಅಂತ ಕೇಂಡ್ರೆ ಒಬ್ರೂ ಬಾಯ್ ಬಿಡುದಿಲ್ಲ."

ಆ ಹೆಸರು ಮೊದಲೇ ಅಲ್ಲಿತ್ತು. ಹೊಸ ಮೈ ಬರಲಿ ಎಂದು ಡ್ರಾಯರಿನಲ್ಲಿ ಕಾಯುತ್ತಿತ್ತು.

"ಹೆದ್ರಿಕೆ ಆಪ್ದ್ ಅದ್ಕಲ್ಲ" ಎಂದಳು. "ಮನೆಲ್ ಉಮ್ಮ ಕರೆದ್ರೆ ನಂಗೆ ಕೇಂತಿಲ್ಲ. ಮೊನ್ನೆ ಕೋಡಿ ಸಮುದ್ರದ್ ಹತ್ರ ಯಾರೋ ತಮ್ ಮಗುನ್ ನಯನಾ ಅಂತ ಕರೆದ್ರ್. ನಾ 'ಹಾಂ' ಅಂದೆ. ಅಂದ್ ಅಂಗ್ಡಿಯಗೆ ನೀವ್ ಮೊದ್ಲ್ ಕರೆದದ್ದೂ ನಂಗೆ ನಿಜವಾಗಿ ಕೇಣ್ಲಿಲ್ಲ ಅಕ್ಕಾ."

ನಟನೆ ಎಂದುಕೊಂಡಿದ್ದೆನಲ್ಲ! ನಟನೆಯಾಗಿದ್ದರೇ ವಾಸಿಯಿತ್ತು.

ಪರಿಚಯದ ವಕೀಲರಿಗೆ ಫೋನ್ ಮಾಡಿದೆ. "ಸರ್ಕಾರಿ ಕೆಲ್ಸ ಆಗಿದ್ರೆ ಸಂವಿಧಾನ ಹಿಡ್ಕಂಡ್ ಕೋರ್ಟಿಗ್ ಹೋಪುದಿತ್ತ್. ಖಾಸಗಿ ಅಂಗ್ಡಿ, ಕಷ್ಟವೇ" ಎಂದರು. "ಆದ್ರೂ ಸುಮ್ನೆ ಕೂಕಂಬುದ್ ಬ್ಯಾಡ. ಅರ್ಜಿ ಕೊಡ್ಲಿ."

ಅರ್ಜಿಗೆ ಮೊದಲು ಮಾಲೀಕರನ್ನು ಮುಖಾಮುಖಿ ಕೇಳುತ್ತೇನೆ ಎಂದಳು ನಸೀಮಾ. ಸೋಮವಾರ ನಾನೂ ಹೋದೆ. (ಸೀರೆ ಬದಲಿಸುವ ನೆಪ.) ಅವಳು ಬಿಂದಿಯಿಲ್ಲದೆ ಬಂದಿದ್ದಳು. ಬ್ಯಾಡ್ಜನ್ನು ಮೇಜಿನ ಮೇಲಿಟ್ಟಳು.

"ನನ್ ಹೆಸ್ರ್ ಇಪ್ಪುದ್ ಮಾಡ್ಸಿ ಕೊಡಿ ಸರ್. ಇಲ್ದಿದ್ರೆ ಬ್ಯಾಡ್ಜೇ ಬ್ಯಾಡ."

ಮಾಲೀಕರು ಸಿಟ್ಟಾಗಲಿಲ್ಲ. ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಮಗಳಿಗೆ ಬುದ್ಧಿ ಹೇಳುವಷ್ಟು ಮೆತ್ತಗೆ, "ಹೆಸ್ರಗೆಂತ ಇತ್ತ್ ಮಗಾ? ನಂಗೆಂತ ತೊಂದ್ರಿ ಇಲ್ಲ. ಗಿರಾಕಿಗ್ ಆತಿಲ್ಲ" ಎಂದರು. ಇನ್ನೂ ಮೆತ್ತಗೆ, "ಆತಿಲ್ಲ ಅಂದ್ರೆ ನಾಳೆಂದ ಬಪ್ದ್ ಬ್ಯಾಡ."

ಅಂಗಡಿ ತುಂಬ ಕೆಲಸದ ಹೆಂಗಸರಿದ್ದರು. ದಿನಾ ಇವಳ ಜೊತೆ ಬುತ್ತಿ ಹಂಚಿಕೊಂಡು ಉಂಡವರು. ಒಬ್ಬರೂ ತಲೆ ಎತ್ತಲಿಲ್ಲ. ಸೀರೆ ಮಡಚುವ ಸರಬರ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅವಳು ಅವರೆಲ್ಲರ ನಡುವೆ ನಡೆದು ಹೊರಗೆ ಬಂದಳು. ಯಾರ ಮುಂದೆಯೂ ಏನೂ ಹಾದು ಹೋಗಲಿಲ್ಲ ಎಂಬಂತೆ ಸದ್ದು ಮುಂದುವರಿಯಿತು.

ಕಾರ್ಮಿಕ ಇಲಾಖೆಗೆ ಅರ್ಜಿ ಹೋಯಿತು. ಮಾಲೀಕರು ಕೊಟ್ಟ ಉತ್ತರ ಕೇಳಿ: ನಸೀಮಾ ಎಂಬ ಹೆಸರಿನವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ.

ಹೇಗಿದೆ? ಹೆಸರು ಕಿತ್ತುಕೊಂಡವರೇ ಆ ಹೆಸರಿನವಳು ಇರಲೇ ಇಲ್ಲ ಎನ್ನುತ್ತಾರೆ. ಓದಿದಾಗ ನಸೀಮಾ ತನ್ನ ಅಂಗೈಯನ್ನು ತಾನೇ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು.

ವಿಚಾರಣೆಯ ದಿನ ಕಚೇರಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. ಶಂಕರನಾರಾಯಣ ಎಂಬ ಊರಿನಿಂದ ಬಸ್ಸಿನಲ್ಲಿ ಓಡಾಡುವ ಸುಜಾತಾ. ಅದೇ ಅಂಗಡಿಯ ಹಳೆಯ ಕೆಲಸಗಾರ್ತಿ, ಅಂದು ತಲೆ ಎತ್ತದವರಲ್ಲಿ ಒಬ್ಬರು. ಅಧಿಕಾರಿಯ ಮುಂದೆ ನಿಂತು, "ಇವ್ಳ್ ಇದ್ದಿದ್ಲ್ ಸರ್. ನನ್ ಹತ್ರವೇ ನಿಂತಂಡಿದ್ಲ್. ಇವ್ಳ್ ಹೆಸ್ರ್ ನಸೀಮಾ" ಎಂದರು. ಮರುದಿನ ತನಗೆ ಕೆಲಸ ಇರುತ್ತದೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ನಸೀಮಾ ಅಳಲು ಶುರು ಮಾಡಿದ್ದು ಆಗಲೇ.

ವಿಚಾರಣೆ ಇನ್ನೂ ಮುಗಿದಿಲ್ಲ. ಸುಜಾತಾರನ್ನು ಸದ್ಯಕ್ಕೆ ಯಾರೂ ಮುಟ್ಟಿಲ್ಲ. ನಸೀಮಾ ಈಗ ಬ್ರಹ್ಮಾವರದ ಒಂದು ಮೆಡಿಕಲ್ ಶಾಪಿನಲ್ಲಿದ್ದಾಳೆ, ತನ್ನದೇ ಹೆಸರಿನಲ್ಲಿ. "ಈಗ ಎರಡ್ನೇ ಸಲ ಕರೆದ್ರೆ ಕೇಂತ್ ಅಕ್ಕಾ" ಎಂದಳು, ಹೋದ ವಾರ ಸಿಕ್ಕಾಗ.

ನಸೀಮಾ ಎಂಬ ಹೆಸರಿನಲ್ಲೇ ಕೌಂಟರಿನಲ್ಲಿ ನಿಲ್ಲಿಸುತ್ತೀರಾ ಎಂದು ಪರಿಚಯದ ಇನ್ನೂ ಕೆಲವು ಅಂಗಡಿಯವರನ್ನು ಕೇಳಿ ನೋಡಿದೆ. ಎಲ್ಲರೂ ಒಳ್ಳೆಯವರು. ಎಲ್ಲರದೂ ಒಂದೇ ಮಾತು: ನಮಗೇನಿಲ್ಲ, ಗಿರಾಕಿಗಳು ಒಪ್ಪುವುದಿಲ್ಲ.

ಗಿರಾಕಿ ಅಂದರೆ ನಾನು, ನೀವು. ನಿಮ್ಮನ್ನು ಯಾರಾದರೂ ಕೇಳಿದ್ದರೇ?