ಆರನೆಯ ಹುಡುಗಿಗೊಂದು ಮನೆ

ರಾಜಧಾನಿ ಬೊಗೊತಾದ ವಿದ್ಯಾರ್ಥಿ ವಿನಿಮಯ ಕಚೇರಿಯಿಂದ ಫೋನು ಬಂದಾಗ ಪಾದ್ರಿಗಳ ಅರ್ಧ ತಲೆಯ ಕೂದಲು ನೆಲಕ್ಕೆ ಬಿದ್ದಿತ್ತು, ಇನ್ನರ್ಧ ಬಾಕಿಯಿತ್ತು. ಎದಿಲ್ಮಾ ಚಪಾರ್ರೊ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕತ್ತರಿ ಆಡಿಸುತ್ತಲೇ ಮಾತಿಗಿಳಿದಳು.

"ಈ ವರ್ಷ ನಿಮ್ಮ ಕಡೆಗೆ ಐದು ಮಕ್ಕಳು ಅಂತ ಮಾತಾಗಿತ್ತು, ದೋನ್ಯಾ ಎದಿಲ್ಮಾ" ಎಂದಿತು ಆ ಕಡೆಯ ದನಿ. "ಇನ್ನೂ ಒಂದು ಹುಡುಗಿ ಉಳಿದುಬಿಟ್ಟಿದಾಳೆ. ಹಂಗೇರಿಯವಳು. ಅವಳನ್ನ ಕರೆಸ್ಕೋಬೇಕಿದ್ದ ಮನೆಯವರು ಕೊನೇ ಗಳಿಗೇಲಿ ಕೈಯೆತ್ತಿದ್ರು. ನಿಮ್ಮ ಸಮಿತಿಯವರನ್ನ ಒಂದು ಮಾತು ಕೇಳಿ ನೋಡ್ತೀರಾ?"

"ಕೇಳೋದೇನು ಬಂತು? ಕಳಿಸಿ!" ಎಂದು ಎದಿಲ್ಮಾ ಫೋನು ಇಟ್ಟಳು.

ಬಟ್ಟೆ ಹೊದ್ದು ಕೂತಿದ್ದ ಪಾದ್ರಿಗಳು ಕನ್ನಡಿಯಲ್ಲೇ ಅವಳ ಮುಖ ನೋಡಿದರು. "ಯಾರ ಮನೇಲಿ ಇಟ್ಕೊತೀರಮ್ಮ ಆ ಹುಡುಗೀನ?"

"ದೇವರಿದ್ದಾನೆ, ಪಾದ್ರಿಗಳೇ."

"ದೇವರ ಮನೇಲಿ ಬಿಸಿನೀರು ಬರಲ್ಲ. ನನ್ನ ಕಡೆ ನೋಡ್ಬೇಡಿ."

ಎದಿಲ್ಮಾ ಹೀಗೆಯೇ. ಮೊದಲು ಹೂಂ ಅನ್ನುವುದು, ಆಮೇಲೆ ಹೇಗೆ ಎಂದು ಯೋಚಿಸುವುದು. ಗ್ವಾಸತಾ ಊರಿನ ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲೇ ಅವಳ ಸಲೂನು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರ ತಲೆಯೂ ಅವಳ ಕೈಗೆ ಬಂದೇ ಬರುತ್ತಿತ್ತು. ತಲೆಯ ಜೊತೆಗೆ ಮನೆಯ ಸುದ್ದಿಯೂ ಬರುತ್ತಿತ್ತು. ಆಲೂಗಡ್ಡೆ ಬೆಳೆಯುವ ಮನೆಯಲ್ಲಿ ಒಂಬತ್ತು ಮಕ್ಕಳ ನಡುವೆ ಹುಟ್ಟಿದವಳು. ಅಲ್ಲಿ ದನಿ ಏರಿಸದವರಿಗೆ ಎರಡನೇ ಸಲ ಸಾರು ಸಿಗುತ್ತಿರಲಿಲ್ಲ. ಅಂದು ಏರಿಸಿದ ದನಿಯನ್ನು ಐವತ್ತು ದಾಟಿದರೂ ಅವಳು ಇಳಿಸಿರಲಿಲ್ಲ.

ಪರದೇಶದ ಮಕ್ಕಳ ನಂಟು ಅವಳಿಗೆ ಅಂಟಿದ್ದು ಒಂದು ಅವಾಂತರದಿಂದ. ಬಹಳ ವರ್ಷಗಳ ಹಿಂದೆ ನ್ಯೂಜಿಲೆಂಡಿನ ಹುಡುಗನೊಬ್ಬ ಭುಜದವರೆಗೆ ಇಳಿಬಿದ್ದ ಬಂಗಾರದ ಬಣ್ಣದ ಕೂದಲು ಹೊತ್ತು ಸಲೂನಿಗೆ ಬಂದ. 'ಸ್ವಲ್ಪ' ಅನ್ನಬೇಕಾದ ಕಡೆ 'ಎಲ್ಲಾ' ಅಂದ. ಎದಿಲ್ಮಾ ಎರಡು ಸಲ ಕೇಳಿದಳು. ಅವನು ಎರಡು ಸಲವೂ ಖುಷಿಯಿಂದ 'ಎಲ್ಲಾ, ಎಲ್ಲಾ' ಅಂದ. ಅವನನ್ನು ಮನೆಯಲ್ಲಿಟ್ಟುಕೊಂಡಿದ್ದ ಶಾಲೆಯ ಟೀಚರು ದೋನ್ಯಾ ಬೆರ್ಸಾಬೆ, ಬೋಳುತಲೆಯ ಹುಡುಗನ ಕೈ ಹಿಡಿದುಕೊಂಡು ಜಗಳಕ್ಕೆ ಬಂದರು. ಬಂದವರು ಒಂದು ಲೋಟ ಬಿಸಿ ಬೆಲ್ಲದ ನೀರು ಕುಡಿದರು, ಎರಡನೇ ಲೋಟ ಕುಡಿದರು. ಕೊನೆಗೆ, "ಇಷ್ಟು ಮಾತಾಡೋ ಹೆಂಗಸು ನಮ್ಮ ಸಮಿತೀಲಿ ಇದ್ರೆ ಈ ಮಕ್ಕಳು ತಿಂಗಳೊಪ್ಪತ್ತಲ್ಲಿ ಭಾಷೆ ಕಲೀತವೆ" ಅಂದರು. ಹಾಗೆ ಸೇರಿದವಳು ಬೆರ್ಸಾಬೆಗೆ ವಯಸ್ಸಾದ ಮೇಲೆ ಸಮಿತಿಯ ಯಜಮಾನಿಕೆಯನ್ನೇ ಹೊತ್ತಳು.

ಸಮಿತಿ ಅಂದರೆ ನಾಲ್ಕು ಊರಿನ ಜನ. ಸಂಬಳ ಯಾರಿಗೂ ಇಲ್ಲ. ಒಂದೊಂದೇ ಊರು ಈ ಕೆಲಸ ಹೊರಲಾರದು. ಒಂದೂರಿನಲ್ಲಿ ಒಳ್ಳೆಯ ಶಾಲೆಯಿತ್ತು, ಇನ್ನೊಂದರಲ್ಲಿ ಡಾಕ್ಟರು, ಮತ್ತೊಂದರಲ್ಲಿ ಮಕ್ಕಳನ್ನೆಲ್ಲ ಸೇರಿಸಲು ದೊಡ್ಡ ಸಭಾಂಗಣ. ಹೊರದೇಶದ ಮಕ್ಕಳು ಕೆಲವು ತಿಂಗಳಿಗೊಮ್ಮೆ ಮನೆ ಬದಲಿಸುತ್ತ, ಊರು ಬದಲಿಸುತ್ತ ವರ್ಷ ಕಳೆಯುತ್ತಿದ್ದರು. ಈ ಊರುಗಳ ಮಕ್ಕಳು ಅದೇ ರೀತಿ ಅವರ ದೇಶಗಳಿಗೆ ಹೋಗಿ ಬರುತ್ತಿದ್ದರು. ತಿಂಗಳಿಗೊಂದು ಭಾನುವಾರ ಸಭೆ. ಯಾವ ಊರಿನಲ್ಲಿ ಸಭೆಯೋ ಆ ಊರಿನವರದೇ ಅಡುಗೆ.

ಆದರೆ ನಾಲ್ಕು ಈಗ ಮೂರಾಗಿತ್ತು. ತೊಬಿರಾ ಊರಿನವರು ಎರಡು ವರ್ಷದಿಂದ ಮುನಿಸಿಕೊಂಡು ದೂರ ಕೂತಿದ್ದರು. ಕಾರಣ ಒಂದು ಬ್ಯಾನರು. ಮಕ್ಕಳ ಬೀಳ್ಕೊಡುಗೆಗೆ ಎದಿಲ್ಮಾ ಬರೆಸಿದ ಬ್ಯಾನರಿನಲ್ಲಿ ಗ್ವಾಸತಾ ಹೆಸರು ಮೊದಲು, ದಪ್ಪಕ್ಷರದಲ್ಲಿ. ತೊಬಿರಾದ ಹೆಸರು ಕೊನೆಯಲ್ಲಿ, ಅದೂ ತಪ್ಪಾಗಿ 'ತೊಬಿಯೊ' ಎಂದು ಬಿದ್ದಿತ್ತು. ಆ ಸೀಮೆಯ ಮಾತಿನಲ್ಲಿ ತೊಬಿಯೊ ಅಂದರೆ ಪಾದದ ಗಂಟು. ತೊಬಿರಾದ ಮುಂದಾಳು, ಮೆಡಿಕಲ್ ಶಾಪಿನ ದೋನ್ ಅಬೆಲಾರ್ದೊ, ಬ್ಯಾನರಿನ ಕೆಳಗೆ ನಿಂತು ವಿವರಣೆ ಕೇಳಿದರು. ಎದಿಲ್ಮಾ ಕ್ಷಮೆ ಕೇಳಲೆಂದೇ ಬಾಯಿ ತೆರೆದಳು, ಆದರೆ ಹೊರಬಿದ್ದದ್ದು ನಗು. ಒಮ್ಮೆ ಶುರುವಾದ ಆ ನಗು ನಿಲ್ಲಲೇ ಇಲ್ಲ. ಅಬೆಲಾರ್ದೊ ಟೋಪಿ ತಲೆಗೇರಿಸಿ, ತಮ್ಮೂರಿನವರನ್ನೆಲ್ಲ ಕರೆದುಕೊಂಡು ಹೊರಟುಹೋದರು.

ಹೀಗಾಗಿ ಆ ಆಗಸ್ಟಿನಲ್ಲಿ ಐದು ಮಕ್ಕಳಿಗೆ ಐದು ಮನೆ ಸಿಕ್ಕಿತು, ಆರನೆಯ ಹುಡುಗಿ ಎದಿಲ್ಮಾಳ ಮನೆಗೇ ಬಂದಳು. ಹೆಸರು ಬೊಗ್ಲಾರ್ಕಾ. ಎದಿಲ್ಮಾಳ ಗಂಡ ಎಫ್ರಾಯಿನ್ ಹಳ್ಳಿಹಳ್ಳಿಯ ಹಾಲು ಒಟ್ಟು ಮಾಡಿ ಡೈರಿಗೆ ಮುಟ್ಟಿಸುವ ವ್ಯಾನಿನವನು. ಅವನು ಹೆಸರನ್ನು ಎರಡು ಸಲ ಹೇಳಲು ನೋಡಿ, "ಬೊಗೊತಾ ಅಂತಲೇ ಕರೀತೀನಿ ಮಗಳೇ, ನಾಲಿಗೆಗೆ ಅಭ್ಯಾಸ ಇದೆ" ಅಂದ. ಹುಡುಗಿ ತುಟಿಯ ಅಂಚಿನಲ್ಲಿ ಸಣ್ಣಗೆ ನಕ್ಕಳು. ಅವಳಿಂದ ಬಹಳ ದಿನ ಸಿಕ್ಕಿದ್ದು ಅಷ್ಟೇ ನಗು.

ಎದಿಲ್ಮಾ ತನಗೆ ಗೊತ್ತಿದ್ದ ಪ್ರೀತಿಯನ್ನೆಲ್ಲ ಸುರಿದಳು. ಬೆಳಿಗ್ಗೆ ಹಾಲಿಗೆ ಮೊಟ್ಟೆ ಒಡೆದು, ಈರುಳ್ಳಿ ಸೊಪ್ಪು ಉದುರಿಸಿ ಚಾಂಗ್ವಾ ಕಾಯಿಸಿ ಕೊಡುತ್ತ ಮಾತಾಡಿದಳು. ಶಾಲೆಗೆ ಬಿಡುತ್ತ ಮಾತಾಡಿದಳು. ಶಾಲೆ ಬಿಟ್ಟ ಮೇಲೆ ಸಲೂನಿನಲ್ಲಿ ಕೂರಿಸಿಕೊಂಡು, ಬಂದವರಿಗೆಲ್ಲ ಪರಿಚಯ ಮಾಡಿಸುತ್ತ ಮಾತಾಡಿದಳು. ಹುಡುಗಿ ದಿನದಿನಕ್ಕೆ ಒಳಗೆ ಸೇರಿಕೊಂಡಳು. ಊಟ ಅರ್ಧವಾಯಿತು. ಸಂಜೆಯಾದರೆ ಹಿತ್ತಲಿನಲ್ಲಿ ಕೋಳಿಗಳ ಜೊತೆ ಕೂರತೊಡಗಿದಳು.

"ಇವಳಿಗೆ ಏನೋ ಕೊರಗು" ಅಂದಳು ಎದಿಲ್ಮಾ. "ಇನ್ನೂ ಜಾಸ್ತಿ ಮಾತಾಡಿಸ್ಬೇಕು."

ಎಫ್ರಾಯಿನ್ ಟೋಪಿ ಎತ್ತಿಕೊಂಡು ವ್ಯಾನಿನ ಕಡೆ ನಡೆದ.

ಒಂದು ಶನಿವಾರ ಬೊಗ್ಲಾರ್ಕಾ ತಾನಾಗಿಯೇ ಅಡುಗೆಮನೆಗೆ ಬಂದು ನಿಂತಳು. ಹಿಂದಿನ ದಿನವೆಲ್ಲ ಮಾತು ಜೋಡಿಸಿಕೊಂಡಿದ್ದವಳ ಹಾಗೆ ಒಂದೊಂದೇ ಶಬ್ದ ಇಟ್ಟಳು. "ಅಮ್ಮ, ನೀವು ಒಳ್ಳೇದು. ತುಂಬಾ ಒಳ್ಳೇದು. ಆದ್ರೆ ನೀವು ರೇಡಿಯೋ. ಆಫ್ ಮಾಡೋದು ಎಲ್ಲಿ, ನನಗೆ ಗೊತ್ತಿಲ್ಲ."

ಎದಿಲ್ಮಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಇಪ್ಪತ್ತೆಂಟು ವರ್ಷದಿಂದ ನಾನೂ ಹುಡುಕ್ತಾ ಇದೀನಿ ಮಗಳೇ" ಎಂದ ಎಫ್ರಾಯಿನ್ ಬಾಗಿಲ ಬಳಿಯಿಂದ. "ಸಿಕ್ಕಿದ್ರೆ ನನಗೂ ಹೇಳು."

ಅವನ ನಗು ಅವಳಿಗೆ ರುಚಿಸಲಿಲ್ಲ. ಅಷ್ಟು ವರ್ಷ ಅಷ್ಟು ಮಕ್ಕಳು ಬಂದು ಹೋಗಿದ್ದರು, ಎಲ್ಲರೂ ಹೋಗುವಾಗ ಅವಳ ಕೊರಳಿಗೆ ಬಿದ್ದು ಅತ್ತಿದ್ದರು. ಒಬ್ಬರೂ ಹೀಗೆ ಅಂದಿರಲಿಲ್ಲ. ಹಿತ್ತಲಿಗೆ ಹೋಗಿ ಒಂದಿಷ್ಟು ಹೊತ್ತು ಅತ್ತಳು. ಅಳುವಾಗಲೂ ತನ್ನಷ್ಟಕ್ಕೇ ಮಾತಾಡುತ್ತಿದ್ದೇನೆ ಎಂದು ಅರಿವಿಗೆ ಬಂದದ್ದೇ ತಡ, ಹೆಗಲಿಗೆ ಹೊದ್ದ ಉಣ್ಣೆಯ ರುವಾನಾದ ಅಂಚಿನಿಂದಲೇ ಮೂಗು ಒರೆಸಿಕೊಂಡು ಒಳಗೆ ಬಂದಳು. ಹುಡುಗಿಯ ಪಕ್ಕ ಕೂತು, ಬಹಳ ಕಷ್ಟಪಟ್ಟು ಒಂದೇ ಪ್ರಶ್ನೆ ಕೇಳಿದಳು. "ನಿನಗೆ ಹೇಗಿರೋ ಮನೆ ಬೇಕು?"

"ಸದ್ದು ಇಲ್ಲದ್ದು" ಅಂದಳು ಬೊಗ್ಲಾರ್ಕಾ.

ಎದಿಲ್ಮಾ ಗೊತ್ತಿದ್ದ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿ ಬಂದಳು. ಒಂದರಲ್ಲಿ ಅವಳಿಮಕ್ಕಳು, ಒಂದರಲ್ಲಿ ಬ್ಯಾಂಡಿನ ತುತ್ತೂರಿ, ಒಂದರಲ್ಲಿ ಗಂಡಹೆಂಡಿರ ವರಾತ. ಸದ್ದಿಲ್ಲದ ಮನೆ ಆ ಸೀಮೆಯಲ್ಲಿ ಒಂದೇ ಇತ್ತು. ಅದು ದೋನ್ ಅಬೆಲಾರ್ದೊ ಮತ್ತು ಅವರ ಹೆಂಡತಿ ನೊಹೆಮಿಯ ಮನೆ. ಮಕ್ಕಳಿಲ್ಲ; ಮಾತಂತೂ ಗಂಡ ಹೆಂಡತಿ ಇಬ್ಬರಿಗೂ ಮಿತ.

ಸೋಮವಾರ ಸಲೂನಿನ ಬಾಗಿಲು ಹಾಕಿ ಎದಿಲ್ಮಾ ಗಂಡನ ವ್ಯಾನಿನಲ್ಲಿ ತೊಬಿರಾಕ್ಕೆ ಹೋದಳು. ಮೆಡಿಕಲ್ ಶಾಪಿನಲ್ಲಿ ಜನವಿತ್ತು. ಅವಳನ್ನು ಕಂಡ ಅಬೆಲಾರ್ದೊ ಕನ್ನಡಕದ ಮೇಲಿಂದ ನೋಡಿ, "ಸರದೀಲಿ ಬನ್ನಿ" ಅಂದರು. ಕೆಮ್ಮುವ ಮುದುಕಿಯ ಹಿಂದೆ, ಮಗುವಿಗೆ ಜ್ವರ ಬಂದವನ ಹಿಂದೆ ಅವಳು ಬಾಯಿ ಬಿಗಿದುಕೊಂಡು ನಿಂತಳು.

"ಏನು ಬೇಕಿತ್ತು?"

"ಒಂದು ಮನೆ ಬೇಕಿತ್ತು, ದೋನ್ ಅಬೆಲಾರ್ದೊ. ಹಂಗೇರಿಯ ಹುಡುಗಿಯೊಬ್ಬಳಿಗೆ."

"ಇಲ್ಲಿ ಮಾತ್ರೆ ಸಿಗತ್ತೆ. ಪಾದದ ಗಂಟಿಗೆ ಹಚ್ಚೋ ಮುಲಾಮು ಬೇಕಾದ್ರೆ ಅದೂ ಇದೆ."

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಊರಿಗೆಲ್ಲ ಆ ಕತೆ ಗೊತ್ತಿತ್ತು.

"ಅವತ್ತು ನಾನು ನಗಬಾರದಿತ್ತು" ಅಂದಳು ಎದಿಲ್ಮಾ. "ಊರಿನ ಹೆಸರು ಅಂದ್ರೆ ಹೆತ್ತವರ ಹೆಸರಿದ್ದ ಹಾಗೆ. ತಪ್ಪಾಯ್ತು. ನನ್ನ ಮೇಲಿನ ಸಿಟ್ಟಿಗೆ ಮಕ್ಕಳಿಗೆ ಬಾಗಿಲು ಹಾಕ್ಬೇಡಿ." ಅಲ್ಲಿಗೆ ನಿಲ್ಲಿಸಿದಳು. ಅಷ್ಟು ಚಿಕ್ಕ ಮಾತು ಅವಳು ಜನ್ಮದಲ್ಲಿ ಆಡಿರಲಿಲ್ಲ. ಆದರೆ ಕಣ್ಣು ಕೌಂಟರಿನ ಮೇಲಿದ್ದ ಮುಲಾಮಿನ ಡಬ್ಬಿಯ ಮೇಲೆ ಬಿತ್ತು, ಅದರ ಮೇಲೊಂದು ಪಾದದ ಚಿತ್ರವಿತ್ತು. ಅವಳ ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು, ಉಸಿರು ಬಿಗಿಹಿಡಿದು ನಿಂತಳು.

"ನಗ್ತಾ ಇದೀರಿ!"

"ಇಲ್ಲ, ಖಂಡಿತಾ ಇಲ್ಲ" ಅನ್ನುವಷ್ಟರಲ್ಲಿ ಅದು ಒಡೆದುಕೊಂಡು ಬಂತು. ಕೆಮ್ಮುವ ಮುದುಕಿಯೂ ನಕ್ಕಳು. ಅಬೆಲಾರ್ದೊ ಮೀಸೆಯನ್ನು ಒತ್ತಿ ಹಿಡಿದುಕೊಂಡರು. ಆದರೂ ಅದು ಅಲುಗಾಡುವುದು ಕಾಣುತ್ತಿತ್ತು.

ಆಗ ಒಳಗಿನ ಬಾಗಿಲಿನಿಂದ ನೊಹೆಮಿ ಮಡಿಸಿದ ದುಪ್ಪಟಿಯೊಂದನ್ನು ಎದೆಗವಚಿಕೊಂಡು ಹೊರಗೆ ಬಂದಳು. "ಬೆಟ್ಟದ ಕಡೆ ಕಿಟಕಿ ಇರೋ ಕೋಣೆ ಕೊಡ್ತೀನಿ" ಅಂದಳು. "ಯಾವತ್ತು ಬರ್ತಾಳೆ ಹುಡುಗಿ?"

"ನಾನಿನ್ನೂ ಒಪ್ಪಿಲ್ಲ, ನೊಹೆಮಿ."

"ನಿಮ್ಮನ್ನ ಯಾರು ಕೇಳಿದ್ರು? ನಿಮ್ಮ ಬ್ಯಾನರಿನ ಸಿಟ್ಟಿಗೆ ಎರಡು ವರ್ಷ ನಮ್ಮನೇಲಿ ಒಂದು ಮಗು ಓಡಾಡಲಿಲ್ಲ. ನನಗೇನು ಬ್ಯಾನರಿಗೆ ಬಡಿಸಿ ಬಡಿಸಿ ಹೊಟ್ಟೆ ತುಂಬ್ತಾ?" ಅಷ್ಟು ಹೇಳಿ ಅವಳು ಒಳಗೆ ಹೋದಳು. ನೊಹೆಮಿ ಅಷ್ಟು ಮಾತಾಡಿದ್ದನ್ನು ತೊಬಿರಾದವರು ಯಾರೂ ಕೇಳಿರಲಿಲ್ಲ. ಅಬೆಲಾರ್ದೊ ಮುಲಾಮಿನ ಡಬ್ಬಿಯನ್ನು ಕಪಾಟಿಗೆ ಸೇರಿಸಿದರು. ಆಮೇಲೆ ಎದಿಲ್ಮಾಳ ಕಡೆ ತಿರುಗಿ, "ಇನ್ಮೇಲೆ ಬ್ಯಾನರೇ ಬೇಡ" ಅಂದರು. ಅದಕ್ಕೆ ಅವಳು ಅಲ್ಲೇ ಕೈ ಕುಲುಕಿ ಒಪ್ಪಿದಳು.

ಮುಂದಿನ ಭಾನುವಾರ ಬೊಗ್ಲಾರ್ಕಾ ತನ್ನ ಪೆಟ್ಟಿಗೆಯೊಂದಿಗೆ ತೊಬಿರಾ ಸೇರಿದಳು. ಆ ಮನೆಯಲ್ಲಿ ಸಂಜೆ ಮೂವರೂ ಮೇಜಿನ ಸುತ್ತ ಕೂತು ದೊಮಿನೊ ಆಡುತ್ತಿದ್ದರು, ಕಾಯಿ ಇಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಾಗೆ ಕೆಲವು ವಾರ ಕಳೆದ ಮೇಲೆ ಹುಡುಗಿ ಮಾತಿಗೆ ತೊಡಗಿದಳು. ಮೊದಲು ನೊಹೆಮಿಯ ಜೊತೆ ಈರುಳ್ಳಿ ಹೆಚ್ಚುತ್ತ, ಆಮೇಲೆ ಅಂಗಡಿಯ ಸಾಲಿನಲ್ಲಿ ಕಾಯುವ ಮುದುಕಿಯರ ಜೊತೆ. ಅಬೆಲಾರ್ದೊ ಅವಳನ್ನು ತೇಹೊ ಆಡುವ ಕಣಕ್ಕೆ ಕರೆದೊಯ್ದರು. ದೂರದ ಜೇಡಿಮಣ್ಣಿನಲ್ಲಿ ಇಟ್ಟ ಮದ್ದಿನ ಪೊಟ್ಟಣಕ್ಕೆ ಕಬ್ಬಿಣದ ಬಿಲ್ಲೆ ಎಸೆದು ಸಿಡಿಸುವ ಆಟ ಅದು. ಸದ್ದು ಬೇಡವೆಂದ ಹುಡುಗಿ ಪೊಟ್ಟಣ ಢಂ ಎಂದಾಗ ಕುಣಿದಾಡಿದಳು. "ಈ ಸದ್ದು ಪರವಾಗಿಲ್ಲ, ಪ್ರಶ್ನೆ ಕೇಳಲ್ಲ" ಅಂದಳಂತೆ.

ತೊಬಿರಾ ಸಮಿತಿಗೆ ಮರಳಿತು, ಜೊತೆಗೆ ಅಲ್ಲಿನ ಮೂರು ಮನೆಗಳೂ. ಎದಿಲ್ಮಾ ಒಂದು ಸಭೆಯಲ್ಲಿ ಪಣತೊಟ್ಟವಳಂತೆ ಬಾಯಿ ಮುಚ್ಚಿ ಕೂತಳು. ಸ್ವಲ್ಪ ಹೊತ್ತಿಗೆ ಅಬೆಲಾರ್ದೊ ಎದ್ದು ಬಂದು ಮೆಲ್ಲಗೆ, "ಹಲ್ಲು ನೋವಾ? ಮಾತ್ರೆ ಜೇಬಲ್ಲೇ ಇದೆ" ಎಂದು ಕೇಳಿದರು. ಅಲ್ಲಿಗೆ ಪಣ ಮುರಿಯಿತು. ಆದರೆ ಒಂದು ಬದಲಾವಣೆ ನಿಂತಿತು: ಬಂದ ಮಗುವನ್ನು ನೇರ ಒಂದು ಮನೆಗೆ ದೂಡದೆ, ಮೊದಲು ಬೇರೆಬೇರೆ ಮನೆಗಳಲ್ಲಿ ಊಟಕ್ಕೆ ಕೂರಿಸಿ, ಎಲ್ಲಿ ಇನ್ನೊಂದು ತುತ್ತು ಹೆಚ್ಚು ಉಣ್ಣುತ್ತದೆ ಎಂದು ನೋಡುವುದು. ಅದು ಎದಿಲ್ಮಾಳದೇ ಉಪಾಯ. ತೊಬಿರಾದ ಬೇಕರಿಯವನ ಮಗ ಹಂಗೇರಿಗೆ ಹೋಗುವುದೂ ನಿಶ್ಚಯವಾಯಿತು.

ಮೇ ತಿಂಗಳಲ್ಲಿ ಬೊಗ್ಲಾರ್ಕಾಳ ಅಪ್ಪ ಅಮ್ಮ ಮಗಳನ್ನು ನೋಡಲು ಬಂದರು. ಬಸ್ಸು ಗ್ವಾಸತಾದಲ್ಲಿ ನಿಂತಿತು. ಅಲ್ಲಿಂದ ತೊಬಿರಾದ ಬಸ್ಸು ಹಿಡಿಯಬೇಕು. ಅಬೆಲಾರ್ದೊ, ನೊಹೆಮಿ, ಹುಡುಗಿ ಮೂವರೂ ಎದುರುಗೊಳ್ಳಲು ಬಂದಿದ್ದರು. ಬಸ್ಸಿನ ಬಾಗಿಲು ತೆರೆಯುವ ಮುಂಚೆಯೇ ಒಳಗಿನಿಂದ ಹೆಂಗಸಿನ ದನಿಯೊಂದು ಕೇಳಿಸಿತು. ಡ್ರೈವರಿಗೆ, ಪಕ್ಕದವರಿಗೆ, ಗಂಡನಿಗೆ ಏಕಕಾಲಕ್ಕೆ ಏನೇನೋ ಹೇಳುತ್ತ ದಪ್ಪನೆಯ, ನಗುಮುಖದ ಹೆಂಗಸು ಇಳಿದಳು. ಬೊಗ್ಲಾರ್ಕಾ ನೆಲ ನೋಡಿ, "ನಮ್ಮಮ್ಮ" ಅಂದಳು.

ಎದಿಲ್ಮಾ ಆ ತಾಯಿಯನ್ನು ಸಲೂನಿನ ಕುರ್ಚಿಯಲ್ಲಿ ಕೂರಿಸಿ ಬೆಲ್ಲದ ನೀರು ಕೈಗಿತ್ತಳು. ಒಬ್ಬಳಿಗೆ ಹಂಗೇರಿ ಭಾಷೆಯ ಗಂಧವಿಲ್ಲ, ಇನ್ನೊಬ್ಬಳಿಗೆ ಸ್ಪ್ಯಾನಿಷ್ ಬಾರದು. ಆದರೂ ಇಬ್ಬರೂ ಕೈ ಹಿಡಿದುಕೊಂಡು, ನಡುನಡುವೆ ಹೊಟ್ಟೆ ಹಿಡಿದು ನಗುತ್ತ ಮಾತಾಡಿದರು, ಯಾರೂ ಯಾರಿಗೂ ಕಾಯಲಿಲ್ಲ. ಹುಡುಗಿಯೂ ಅವಳ ಅಪ್ಪನೂ ಮೆಲ್ಲಗೆ ಹೊರಗೆ ಬಂದು, ಕಟ್ಟೆಯ ಮೇಲೆ ಅಬೆಲಾರ್ದೊ ಪಕ್ಕದಲ್ಲಿ ಕೂತರು. ನೊಹೆಮಿ ಚೀಸಿನ ಬನ್ನುಗಳ ಪೊಟ್ಟಣ ಬಿಚ್ಚಿದಳು. ನಾಲ್ವರೂ ಒಂದೂ ಮಾತಿಲ್ಲದೆ, ಬೆಟ್ಟದ ಕಡೆ ನೋಡುತ್ತ ತಿಂದರು.

"ನಿಮ್ಮ ಬಸ್ಸು ಹೊರಡ್ತಾ ಇದೆ" ಎಂದು ಎಫ್ರಾಯಿನ್ ಬಾಗಿಲಲ್ಲಿ ನಿಂತು ಕೂಗಿದ. ಒಳಗಿದ್ದವರಿಗೆ ಕೇಳಿಸಲಿಲ್ಲ. ಹೊರಗಿದ್ದವರು ಕೇಳಿಸಿಕೊಂಡರು, ಆದರೆ ಏಳಲಿಲ್ಲ. ಬಸ್ಸು ಹೋಯಿತು. ಎಫ್ರಾಯಿನ್ ತಲೆ ಕೆರೆದುಕೊಂಡು, ವ್ಯಾನಿನಲ್ಲಿದ್ದ ಖಾಲಿ ಹಾಲಿನ ಕ್ಯಾನುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಹಂಗೇರಿಯ ನೆಂಟರಿಗೆ ಕೂರಲು ಜಾಗ ಮಾಡತೊಡಗಿದ.