ಬಿತ್ತಿ ಮಿಕ್ಕ ಕಾಳಿನ ಗುಗ್ಗರಿ

ಮಕ್ಕಳ ಡಬ್ಬಿಗೆ ಏನು ಹಾಕಿ ಕಳಿಸಲಿ ಎಂದು ಈಗಿನ ತಾಯಂದಿರು ತಲೆ ಕೆಡಿಸಿಕೊಳ್ಳುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ನನಗೆ ಆ ಚಿಂತೆ ಇರಲೇ ಇಲ್ಲ, ಏಕೆಂದರೆ ಆ ಅಧಿಕಾರವೇ ಇರಲಿಲ್ಲ. ಐವತ್ತರ ದಶಕದಲ್ಲಿ, ಹಳ್ಳ ದಾಟಿದರೆ ತೆಲುಗು ಸೀಮೆಯ ಆಸ್ಪರಿ ಎನ್ನುವಂತಿದ್ದ ನಮ್ಮ ಊರಿನಲ್ಲಿ, ನನ್ನ ಮಗಳ ಹಿತ್ತಾಳೆ ಡಬ್ಬಿ ಅತ್ತೆಯ ಕೈಯಲ್ಲಿತ್ತು. ಒಂದು ದಿನ ಸಜ್ಜೆ ರೊಟ್ಟಿಯ ಜೊತೆ ಗುರೆಳ್ಳು ಚಟ್ನಿ, ಒಂದು ದಿನ ಶೇಂಗಾ ಉಂಡೆ, ಮತ್ತೊಂದು ದಿನ ಒಗ್ಗರಣೆ ಹಾಕಿದ ಗುಗ್ಗರಿ. ಉಂಡೆಗೆ ಇನ್ನಷ್ಟು ಬೆಲ್ಲ ಹಾಕೋಣ ಎಂದು ನಾನು ಬಾಯಿ ತೆರೆದರೆ ಹುಳುಕು ಹಲ್ಲಿನ ಮಾತು ತೆಗೆಯುತ್ತಿದ್ದರು. "ಊಟ ಬಲ್ಲವಗ ರೋಗಿಲ್ಲ, ಮಾತು ಬಲ್ಲವಗ ಜಗಳಿಲ್ಲ" ಎನ್ನುವುದು ಅವರ ಬಾಯಿಪಾಠ. ಮೊದಲರ್ಧ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯದರ ಗಂಧಗಾಳಿಯೂ ಇರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಿತ್ತನೆ ಮುಗಿದ ಮೇಲೆ ಚೀಲದ ತಳದಲ್ಲಿ ಮಿಕ್ಕ ಕಾಳನ್ನು ಮತ್ತೆ ಗಡಿಗೆಗೆ ಸುರಿಯುವಂತಿಲ್ಲ. ಅದನ್ನು ಬೇಯಿಸಿ ಗುಗ್ಗರಿ ಮಾಡಿ, ಬಿತ್ತಿದ ಆಳುಗಳಿಗೂ ಮಕ್ಕಳಿಗೂ ಹಂಚಬೇಕು. ಎಷ್ಟು ಬಾಯಿ ತಿಂದರೆ ಅಷ್ಟು ಬೆಳೆ ಎಂಬ ನಂಬಿಕೆ. ಹಳ್ಳದಾಚೆಯ ಶಾಲೆಗೆ ಒಯ್ದ ಮಗು ಮೊದಲು ಜೊತೆಯವರಿಗೆಲ್ಲ ಕೊಟ್ಟು, ಮಿಕ್ಕಿದ್ದನ್ನು ತಾನು ತಿನ್ನಬೇಕು.

ಆ ವರ್ಷ ಶೇಂಗಾದ ನಡುವೆ ಅಲಸಂದಿ ಸಾಲು ಹಾಕಿದ್ದೆವು. ನನ್ನ ಗಂಡ ಮೊದಲ ಸಲ ಆದೋನಿಯಿಂದ ಬೀಜಕ್ಕೆ ಹಚ್ಚುವ ಪುಡಿ ತಂದಿದ್ದರು. ಬೂದು ಬಣ್ಣದ ನುಣ್ಣನೆಯ ಪುಡಿ. ಬೀಜ ಮಣ್ಣಿನಲ್ಲಿ ಕೊಳೆಯುವುದಿಲ್ಲವಂತೆ. ಅದು ವಿಷ ಎಂದು ಅವರಿಗೆ ಗೊತ್ತಿತ್ತು. ಹೊಲದಲ್ಲೇ ಕಲಸಿ, ಹಳ್ಳದಲ್ಲಿ ಕೈ ತೊಳೆದು, ಮಿಕ್ಕ ಅಲಸಂದಿಯ ಚೀಲವನ್ನು ದನದ ಕೊಟ್ಟಿಗೆಯ ಎತ್ತರದ ಗೂಟಕ್ಕೆ ನೇತುಹಾಕಿದ್ದರು. ಯಾರ ಕೈಗೂ ಸಿಗುವುದಿಲ್ಲ ಎಂದುಕೊಂಡರೇ ಹೊರತು ಮನೆಯಲ್ಲಿ ಒಂದು ಮಾತು ಹೇಳಲಿಲ್ಲ. ನಮ್ಮ ಮನೆಯ ಗಂಡಸರು ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ.

ಮರುದಿನ ಬೆಳಿಗ್ಗೆ ನನ್ನ ಗಂಡ ಬಿತ್ತಲು ಎರವಲು ತಂದಿದ್ದ ಕೂರಿಗೆಯನ್ನು ಪಕ್ಕದೂರಿಗೆ ಮುಟ್ಟಿಸಿ ಬರಲು ಹೋದರು. ನಾನು ಬಟ್ಟೆಯ ಗಂಟು ಹೊತ್ತು ಬಾವಿಗೆ ಹೋದೆ. ಅತ್ತೆ ಕೋಲಿನಿಂದ ಚೀಲ ಇಳಿಸಿದರು. ಹುಳ ಹಿಡಿಯದಿರಲಿ ಎಂದು ಅಲಸಂದಿ, ತೊಗರಿ ಬೀಜಕ್ಕೆ ಒಲೆಯ ಬೂದಿ ಬೆರೆಸಿ ಇಡುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ನಡೆದುಬಂದದ್ದು. ಕಾಳಿಗೆ ಮೆತ್ತಿದ್ದ ಬೂದು ಪುಡಿಯನ್ನು ಅವರು ಬೂದಿ ಎಂದೇ ತಿಳಿದು ತೊಳೆದು, ಬೇಯಿಸಿ, ಒಗ್ಗರಣೆ ಹಾಕಿದರು.

ಬಿಸಿಲೇರಿದ ಮೇಲೆ ಗಂಡ ಬಂದರು. ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಅವರು ಕೊಟ್ಟಿಗೆಗೆ ಹೋದವರು ತಕ್ಷಣ ಹೊರಗೆ ಬಂದರು.

"ಯವ್ವಾ, ಗೂಟದ ಮ್ಯಾಲಿದ್ದ ಚೀಲ ಎಲ್ಲೈತಿ?"

"ಗುಗ್ಗರಿ ಹಾಕೀನಪ್ಪ. ಬೂದಿ ಭಾಳ ಇತ್ತು, ಮೂರು ನೀರಾಗ ತೊಳದೀನಿ," ಎಂದರು ಅತ್ತೆ.

"ಅದು ಬೂದಿ ಅಲ್ಲ ಯವ್ವಾ. ವಿಷದ ಪುಡಿ ಐತಿ."

ನನ್ನ ಕೈಯಲ್ಲಿದ್ದ ಸೀರೆ ಮಣ್ಣಿಗೆ ಬಿತ್ತು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಯಾರ್ಯಾರಿಗೆ ಕೊಟ್ಟೀದಿ?"

"ಹೊಲದಾಗಿನ ಆಳುಗಳ ಬುತ್ತಿಗೆ ಕಟ್ಟೀನಿ. ಕೂಸಿನ ಡಬ್ಬಿಗೆ ತುಂಬೀನಿ."

ಗಂಡ ಹೊಲದ ಕಡೆ ತಿರುಗಿದರು. "ನೀ ಸಾಲಿಗಿ ಹೋಗು" ಎಂದದ್ದು ಬೀದಿಯಿಂದ ಕೇಳಿಸಿತು. ನಾನು ಬಿದ್ದ ಸೀರೆಯ ಮುಂದೆ ನಿಂತೇ ಇದ್ದೆ. ಅತ್ತೆ ಬಂದು ಬೆನ್ನಿಗೆ ಕೈಹಚ್ಚಿ ನೂಕಿದರು.

"ನಿಂತು ಏನ್ ನೋಡ್ತಿ? ಓಡು."

ಊರ ಕಟ್ಟೆಯ ಮುಂದೆ ಸೆರಗು ಹೊದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಡೆಯಬೇಕಾದ ಸೊಸೆ ನಾನು. ಅವತ್ತು ಬರಿಗಾಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಕಟ್ಟೆಯ ಮೇಲಿದ್ದವರು ಏನೋ ಅಂದರು, ನಿಲ್ಲಲಿಲ್ಲ. ಹಿಂದಿನ ದಿನದ ಮಳೆಗೆ ಎರೆ ಮಣ್ಣು ನೆನೆದು, ಇಟ್ಟ ಹೆಜ್ಜೆ ಕೀಳುವುದೇ ಕಷ್ಟವಾಗಿತ್ತು. ದಾರಿಯುದ್ದಕ್ಕೂ ಅತ್ತೆಯನ್ನು ಬಾಯಿಗೆ ಬಂದಂತೆ ಬೈದೆ. ಎಲ್ಲ ತನಗೇ ಗೊತ್ತು ಎನ್ನುವ ಮುದುಕಿ, ನನ್ನನ್ನೊಂದು ಮಾತು ಕೇಳಿದ್ದರೆ ಗಂಟೇನು ಹೋಗುತ್ತಿತ್ತು ಎಂದೆ. ಕೇಳಿದ್ದರೆ ನಾನೂ ಬೂದಿ ಎಂದೇ ಹೇಳುತ್ತಿದ್ದೆ, ಆ ಮಾತು ಬೇರೆ.

ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ದಾಟುವಾಗ, ಮಗಳು ಎಲ್ಲರಿಗೂ ಕೊಟ್ಟು ಕೊನೆಗೆ ತಿನ್ನುತ್ತಾಳೆ ಎಂಬುದು ನೆನಪಾಗಿ ಒಂದು ಗಳಿಗೆ ಜೀವಕ್ಕೆ ಸಮಾಧಾನವಾಯಿತು. ಮರುಗಳಿಗೆ ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಮೊದಲು ತಿನ್ನುವವರೂ ಯಾರೋ ಹೆತ್ತ ಮಕ್ಕಳೇ. ದಡ ಹತ್ತುವಷ್ಟರಲ್ಲಿ ಶಾಲೆಯ ಗಂಟೆ ಕೇಳಿಸಿತು. ಅದು ಊಟದ ಗಂಟೆ.

ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಮಕ್ಕಳು ದುಂಡಗೆ ಕೂತಿದ್ದರು. ನನ್ನ ಮಗಳು ಡಬ್ಬಿ ಹಿಡಿದು ಒಬ್ಬೊಬ್ಬರ ಅಂಗೈಗೂ ಗುಗ್ಗರಿ ಹಾಕುತ್ತಾ ಬರುತ್ತಿದ್ದಳು. "ತಿನ್ನಬ್ಯಾಡ್ರಿ, ಕೆಳಗ ಚೆಲ್ರಿ" ಎಂದು ಕೂಗಿದೆನೋ, ಕೂಗಿದೆನೆಂದುಕೊಂಡೆನೋ, ಓಡಿ ಬಂದ ಏದುಸಿರಿಗೆ ಧ್ವನಿ ಹೊರಡಲಿಲ್ಲ. ಹೋಗಿ ಡಬ್ಬಿ ಕಸಿದೆ. ಮಕ್ಕಳ ಕೈಗಳನ್ನು ಒಂದೊಂದಾಗಿ ಹಿಡಿದು ಕೊಡವಿದೆ. ಕೆಲವು ಮಕ್ಕಳು ಅಳತೊಡಗಿದವು. ಆಳುಗಳ ಮಕ್ಕಳೂ ಅವರಲ್ಲಿದ್ದರು. ಆಳಿನ ಮಕ್ಕಳೆಂದು ತಮ್ಮ ಕೈಯಲ್ಲಿನ ತುತ್ತನ್ನು ನಾನು ಕಸಿಯುತ್ತಿದ್ದೇನೆ ಎಂದು ಅವು ತಿಳಿದುಕೊಂಡಿರಬೇಕು. ಆ ಮುಖಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೊದಲು ಕೂತಿದ್ದ ಕುರಿಗಾರರ ಹುಡುಗಿಯ ಬಾಯಿ ಆಡುತ್ತಿತ್ತು.

"ನುಂಗಿದೇನವ್ವ?"

ಅವಳು ಹೆದರಿ ಹೌದೆಂದು ತಲೆಯಾಡಿಸಿದಳು. ಬಾಯಿಗೆ ಬೆರಳು ಹಾಕಿ ಇದ್ದಷ್ಟನ್ನು ತೆಗೆದೆ.

"ಏಮಮ್ಮಾ, ಏಮೈಂದಿ?" ಏನಾಯಿತೆಂದು ಕೇಳುತ್ತಾ ತೆಲುಗಿನ ಮೇಷ್ಟ್ರು ಓಡಿಬಂದರು. ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದೆ. ಅವರು ಮಾತು ಮುಗಿಯುವ ಮೊದಲೇ ತಂಬಿಗೆಗೆ ಉಪ್ಪು ಸುರಿದು ನೀರು ಕಲಸಿದರು. ಹುಡುಗಿ ಕುಡಿದಳು, ವಾಂತಿ ಮಾಡಿದಳು, ಮತ್ತೆ ಕುಡಿಸಿದೆವು. ಮೇಷ್ಟ್ರು ಮರದ ಆಚೆ ಗುಂಡಿ ತೋಡಿಸಿ ಒಂದು ಕಾಳೂ ಬಿಡದೆ ಹೂಳಿಸಿದರು. ನಾನು ಆ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನನ್ನ ಮಗಳು ಹತ್ತಿರವೂ ಬರಲಿಲ್ಲ. ಎಲ್ಲರ ಮುಂದೆ ಅವ್ವ ಮಾನ ಕಳೆದಳೆಂದು ಅವಳಿಗೆ ಸಿಟ್ಟು. ಯಾರೋ ಕೊಟ್ಟ ರೊಟ್ಟಿ ತಿನ್ನುತ್ತಾ ದೂರ ಕೂತಿದ್ದಳು. ಅವಳು ತಿನ್ನುವುದನ್ನು ನೋಡುತ್ತಾ ನಾನು ಅತ್ತುಬಿಟ್ಟೆ.

ಬಿಸಿಲು ವಾಲಿದಾಗ ಕುರಿಗಾರರ ಹುಡುಗಿ ಎದ್ದು, ಹಸಿವು ಎಂದಳು. ಆಮೇಲೆ ಕುಂಟಾಟಕ್ಕೆ ಹೋದಳು. ಅವಳ ತಾಯಿಗೆ ಸುದ್ದಿ ಮುಟ್ಟಿಸಿ, ಮಗಳ ಕೈ ಹಿಡಿದು ಹೊರಟೆ. ಹಳ್ಳದ ಹತ್ತಿರ ಗಂಡ ಎದುರಾದರು. ಆಳುಗಳು ಬುತ್ತಿ ಬಿಚ್ಚುವ ಮೊದಲೇ ಅವರು ಹೊಲ ಮುಟ್ಟಿದ್ದರು. ಇಬ್ಬರಿಗೂ ಉಸಿರು ಬಂತು. ಮನೆಗೆ ಹೋಗಿ ಅತ್ತೆಯನ್ನು ಹೇಗೆ ತರಾಟೆಗೆ ತೆಗೆದುಕೊಳ್ಳಬೇಕೆಂದು ದಾರಿಯಲ್ಲಿ ಮಾತು ಜೋಡಿಸಿಕೊಳ್ಳುತ್ತಾ ನಡೆದೆ.

ಅತ್ತೆ ಬಚ್ಚಲ ಕಲ್ಲಿನ ಮೇಲೆ ಗೋಡೆಗೊರಗಿ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. ನೆರೆಮನೆಯಾಕೆ ಬೆನ್ನು ನೀವುತ್ತಿದ್ದಳು. "ನೀ ಹೋದಾಗಿಂದ ಕಾರಿಕೊಳ್ಳಾಕ ಹತ್ಯಾಳ. ಯಾರ್ನೂ ಕರಿಬ್ಯಾಡ ಅಂತಾಳ" ಎಂದಳು.

"ಕೂಸುಗಳು ತಿಂದ್ವೇನು?" ಎಂದು ಅತ್ತೆ ಕೇಳಿದರು.

"ಒಬ್ಬಾಕಿ ತಿಂದಿದ್ಲು ಅತ್ತಿ. ಕಾರಿಸೀವಿ. ಆರಾಮ ಅದಾಳ."

ಅವರು ಕಣ್ಣು ಮುಚ್ಚಿದರು. "ಬೆಂದೈತೋ ಇಲ್ಲೋ ಅಂತ ನಾ ಒಂದು ಹಿಡಿ ತಿಂದಿದ್ನಿ."

ಬಂಡಿ ಕಟ್ಟಿ ಆದೋನಿಯ ಆಸ್ಪತ್ರೆಗೆ ಹೊರಟೆವು. ಅವರು ಬದುಕಿದರು. ತಿಂಗಳುಗಟ್ಟಲೆ ಗಂಜಿಯ ಮೇಲಿದ್ದು, ಮೇಲೆದ್ದು, ಮತ್ತೆ ಮೊಮ್ಮಗಳ ಡಬ್ಬಿ ಕಟ್ಟಿದರು. ಆದರೆ ಅವತ್ತು ಬಂಡಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅವರ ತಲೆ ನನ್ನ ಮಡಿಲಲ್ಲಿತ್ತು. 

"ಆಗ ಯಾಕ ಹೇಳಲಿಲ್ರಿ ಅತ್ತಿ?"

"ಹೇಳಿದ್ರ ನೀ ನನ್ನ ಹಿಡ್ಕಂಡು ಕುಂದರತಿದ್ದಿ" ಎಂದರು.