ಅಂಚು ನೆಗ್ಗಿದ ಲೋಟ

ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ, ಅಂಚು ನೆಗ್ಗಿದ ಹಿತ್ತಾಳೆ ಲೋಟವೊಂದು ಹದಿನೈದು ವರ್ಷಗಳಿಂದ ಬೋರಲಾಗಿ ಕೂತಿತ್ತು. ಅದರಲ್ಲಿ ನೀರು ಕುಡಿಯಲು ನನಗೆ ಮನಸ್ಸಾಗಲಿಲ್ಲ, ಬಿಸಾಡಲು ಧೈರ್ಯವೂ ಬರಲಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಹಳೇಬೀಡಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಹೊಸದಾಗಿ ಬಂದ ಇತಿಹಾಸದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಬಸ್ಸು ಬರೆದು, ಅಮೆರಿಕದಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲೊಪ್ಪದೆ ಕೂತೇ ಇದ್ದ ಕರಿಯ ಹೆಂಗಸಿನ ಕಥೆ ಹೇಳಿದರು. ಅರಸೀಕೆರೆ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಸಾಕೆನ್ನುವ ನಮಗೆ, ಮೈಬಣ್ಣ ನೋಡಿ ಸೀಟು ಹಂಚುವವರ ದಡ್ಡತನ ಕೇಳಿ ನಗು ತಡೆಯಲಾಗಲಿಲ್ಲ. ನಕ್ಕವರಲ್ಲಿ ನಾನೇ ಮುಂದು.

ಗಂಟೆ ಹೊಡೆಯಿತು. ಶಾಲೆಯ ನೀರಿನ ಮಡಕೆಯ ಮೇಲಿದ್ದ ಲೋಟ ನಮ್ಮ ಮನೆಯದು. ಹಾಗಾಗಿ, ಊರು ಕೀಳುಜಾತಿಯೆಂದು ದೂರವಿಟ್ಟಿದ್ದ ಕೇರಿಯ ಮಕ್ಕಳಿಗೆ ಮೇಲಿನಿಂದ ನೀರು ಹೊಯ್ಯುವ ಅಧಿಕಾರವೂ ನನ್ನದೇ. ಅವರು ಬೊಗಸೆಯೊಡ್ಡಬೇಕು, ಲೋಟ ಮುಟ್ಟಬಾರದು. ಅಂದು ಆ ಕೇರಿಯ ರಂಗಮ್ಮ ಬಂದವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತುಬಿಟ್ಟಳು.

"ಲೋಟ ಕೈಗೆ ಕೊಡೇ. ಇಲ್ದಿದ್ರೆ ನಂಗೆ ನೀರೇ ಬ್ಯಾಡ."

ಸುಡುಬೇಸಿಗೆ. ಎರಡು ದಿನ ಅವಳು ಶಾಲೆಯಲ್ಲಿ ಹನಿ ನೀರು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಂಡಿದ್ದ ಮೇಷ್ಟ್ರು ನನ್ನನ್ನು ಗದರಲಿಲ್ಲ. ತಾವೂ ಕುಡಿಯಲಿಲ್ಲ, ಅಷ್ಟೆ. ಅವರು ಅಪ್ಪಣೆ ಮಾಡಿದ್ದರೆ ನಾನು ಹೇಳಿದ ಮಾತು ಕೇಳಿದವಳಾಗುತ್ತಿದ್ದೆನೇ ಹೊರತು ಏನನ್ನೂ ಕಲಿಯುತ್ತಿರಲಿಲ್ಲ ಎಂಬುದು ಈಗ ಹೊಳೆಯುತ್ತದೆ. ಮೂರನೆಯ ದಿನ, ನಾಚಿಕೆ ತಡೆಯಲಾರದೆ ಲೋಟವನ್ನು ಅವಳ ಕೈಗಿಟ್ಟೆ. ಅವಳು ತಾನೇ ಮೊಗೆದು ಗಟಗಟನೆ ಕುಡಿದಳು. ಅದೇ ಲೋಟದಲ್ಲಿ ಮೇಷ್ಟ್ರೂ ಕುಡಿದರು.

ಸುದ್ದಿ ಕೇಳಿ ಅಪ್ಪ ಶಾಲೆಗೆ ನುಗ್ಗಿದರು. "ಇದೇನಾ ಮೇಷ್ಟ್ರೇ ನೀವು ಕಲ್ಸೋದು? ವರ್ಗ ಮಾಡಿಸ್ತೀನಿ ನೋಡ್ತಿರಿ!"

"ಮಾಡ್ಸಿ ಗೌಡ್ರೇ. ಹೋದ ಊರಲ್ಲೂ ಇದೇ ಪಾಠ ಮಾಡ್ತೀನಿ."

ಅಪ್ಪ ಲೋಟವನ್ನು ಮನೆಗೆ ತಂದು ಅಂಗಳಕ್ಕೆ ಎಸೆದರು. ಅಂಚು ನೆಗ್ಗಿದ್ದು ಆಗಲೇ. ನಾನದನ್ನು ಎತ್ತಿ ತಂದು ನಾಗಂದಿಗೆಯ ಮೇಲೆ ಬೋರಲಿಟ್ಟೆ. ಮರುದಿನ ಶಾಲೆಯ ಮಡಕೆಯ ಮೇಲೆ ಮೇಷ್ಟ್ರ ಸ್ವಂತ ಲೋಟ ಬಂದು ಕೂತಿತು. ಮಳೆಗಾಲಕ್ಕೆ ಮುಂಚೆಯೇ ಅವರಿಗೆ ವರ್ಗವಾಯಿತು, ಅವರ ಲೋಟ ಮಾತ್ರ ಅಲ್ಲೇ ಉಳಿಯಿತು. ಕಲ್ಲಿನಲ್ಲಿ ಕಡೆದದ್ದನ್ನು ನೋಡಿ ಬೆರಗಾಗಲು ನಮ್ಮ ಸೀಮೆಗೆ ಲೋಕವೇ ಬರುತ್ತದೆ. ನಾನು ಕೈಮುಗಿಯುವುದು ಸೀಮೆಸುಣ್ಣದಲ್ಲಿ ಬಸ್ಸು ಬರೆದ ಆ ಮನುಷ್ಯನಿಗೆ, ಬೊಗಸೆಯೊಡ್ಡದ ಆ ಹುಡುಗಿಗೆ.

ಮೊನ್ನೆ ರಂಗಮ್ಮ ಮನೆಗೆ ಬಂದಿದ್ದಳು. ಈಗ ಪಕ್ಕದ ಹಗರೆಯ ಶಾಲೆಯಲ್ಲಿ ಅವಳೇ ಇತಿಹಾಸದ ಟೀಚರು. ನಾಗಂದಿಗೆಯ ಮೇಲೆ ಲೋಟ ಕಂಡವಳೇ ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಬಸ್ಸಿನ ಪಾಠ ಐತೆ ಕಣೇ ನಾಳೆ. ಬಸ್ಸು ಆಮೇಲೆ ಬರೀತೀನಿ, ಮೊದ್ಲು ಇದನ್ನ ಮೇಜಿನ ಮ್ಯಾಲಿಡ್ತೀನಿ. ಯಾರ ಲೋಟ ಅಂತ ಮಕ್ಳು ಕೇಳೇ ಕೇಳ್ತಾವೆ. ಏನನ್ಲಿ?"

"ನನ್ನ ಹೆಸರೇ ಹೇಳು," ಎಂದೆ.